ಕೆರೆ ಹೂಳಿನ ಬ್ಯಾಕ್ಟೀರಿಯಾ ಬೆಂಕಿ ನಿರೋಧಕ ವಿಷವನ್ನು ಒಡೆಯುವುದು ಹೇಗೆ? ಬೆಂಗಳೂರಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಉಳಿಸುವ ಗುಂಪುಗಳಲ್ಲಿ ನೊರೆ, ಕಳೆ, ಸತ್ತ ಮೀನುಗಳ ಮಾತು ಬೇಕಾದಷ್ಟು ನಡೆಯುತ್ತದೆ. ತಳದಲ್ಲಿ ಕೂತ ಕಪ್ಪು ಹೂಳಿನ ಮಾತು ಬರುವುದು ಕಡಿಮೆ. ಬಂದಾಗಲೂ "ಅದು ಬರೀ ವಿಷ, ಇನ್ನೇನೂ ಮಾಡೋಕಾಗಲ್ಲ" ಎಂದು ಕೆಲವರು ಕೈಚೆಲ್ಲುತ್ತಾರೆ. "ಕೆರೆಗೆ ಬ್ಯಾಕ್ಟೀರಿಯಾ ಸುರಿದರೆ ಎಲ್ಲಾ ತಿಂದು ಹಾಕುತ್ತೆ" ಎಂದು ಇನ್ನು ಕೆಲವರು ನಂಬಿಕೊಂಡಿರುತ್ತಾರೆ. ಬೆಂಕಿ ನಿರೋಧಕ ರಾಸಾಯನಿಕಗಳ ವಿಷಯದಲ್ಲಿ ಎರಡೂ ತಪ್ಪು. ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ, ಆದರೆ ತುಂಬಾ ನಿಧಾನ. ಅರ್ಧಕ್ಕೆ ನಿಂತರೆ ಮೊದಲಿಗಿಂತ ಕೆಟ್ಟ ವಸ್ತು ಉಳಿಯಬಹುದು. ಹೂಳೆತ್ತುವ ಈ ಕಾಲದಲ್ಲಿ ಇದು ನಮಗೆಲ್ಲ ಗೊತ್ತಿರಬೇಕು ಅಂತಲೇ ಇದನ್ನು ಬರೆದಿದ್ದೇನೆ.

ಬೆಂಕಿ ನಿರೋಧಕ ಅಂದ್ರೆ ಏನು? ನಮ್ಮ ಮನೇಲೂ ಇದೆಯಾ?

ಖಂಡಿತ ಇದೆ. ಹಳೇ ಟಿವಿಯ ಹಿಂಬದಿಯ ಕವಚ, ಕಂಪ್ಯೂಟರ್ ಮಾನಿಟರ್, ಸೋಫಾದ ಫೋಮ್, ಕಾರಿನ ಸೀಟು, ವೈರುಗಳ ಹೊದಿಕೆ, ಕಟ್ಟಡಕ್ಕೆ ಬಳಸುವ ಥರ್ಮಾಕೋಲ್ ಹಲಗೆ, ಇವೆಲ್ಲ ಬೇಗ ಹೊತ್ತಿಕೊಳ್ಳದಿರಲಿ ಎಂದು ಬ್ರೋಮಿನ್ ಇರುವ ರಾಸಾಯನಿಕ ಬೆರೆಸುತ್ತಾ ಬಂದರು. ಪ್ಲಾಸ್ಟಿಕ್ ಕಾದಾಗ ಬ್ರೋಮಿನ್ ಹೊರಬರುತ್ತದೆ. ಜ್ವಾಲೆಯನ್ನು ಮುಂದಕ್ಕೆ ಹಬ್ಬಿಸುವ ಚುರುಕು ಕಣಗಳನ್ನು ಅದು ಹಿಡಿದುಹಾಕುತ್ತದೆ. ಆ ಮಟ್ಟಿಗೆ ಅದು ಜೀವ ಉಳಿಸಿದ ವಸ್ತುವೇ.

ಇವುಗಳಲ್ಲಿ ಹೆಚ್ಚು ಚರ್ಚೆಯಾದ ಗುಂಪು ಪಾಲಿಬ್ರೋಮಿನೇಟೆಡ್ ಡೈಫಿನೈಲ್ ಈಥರ್, ಚಿಕ್ಕದಾಗಿ ಪಿಬಿಡಿಇ. ಎರಡು ಇಂಗಾಲದ ಉಂಗುರ, ನಡುವೆ ಒಂದು ಆಕ್ಸಿಜನ್, ಸುತ್ತ 1ರಿಂದ 10 ಬ್ರೋಮಿನ್. ಬ್ರೋಮಿನ್ ಎಷ್ಟಿವೆ, ಎಲ್ಲಿ ಕೂತಿವೆ ಎಂಬುದರ ಮೇಲೆ ಒಟ್ಟು 209 ಬಗೆ ಆಗುತ್ತವೆ. ಹತ್ತೂ ಜಾಗ ತುಂಬಿರುವುದು ಬಿಡಿಇ-209, ಅಂದರೆ ಡೆಕಾ. ಅದರ ತೂಕದಲ್ಲಿ ಶೇ 83ರಷ್ಟು ಬ್ರೋಮಿನ್ನೇ. ಇದರ ಜೊತೆಗೆ ಸರ್ಕ್ಯೂಟ್ ಬೋರ್ಡ್‌ಗಳಲ್ಲಿರುವ ಟಿಬಿಬಿಪಿಎ, ಥರ್ಮಾಕೋಲ್‌ನಲ್ಲಿರುವ ಎಚ್‌ಬಿಸಿಡಿ ಎಂಬ ಇನ್ನೆರಡು ಹೆಸರುಗಳನ್ನೂ ನೆನಪಿಟ್ಟುಕೊಳ್ಳಿ.

ಟಿವಿಯೊಳಗಿನ ರಾಸಾಯನಿಕ ಕೆರೆ ತಳಕ್ಕೆ ಹೋಗೋದು ಹೇಗೆ?

ಪಿಬಿಡಿಇಯನ್ನು ಪ್ಲಾಸ್ಟಿಕ್‌ಗೆ ಸುಮ್ನೆ ಬೆರೆಸಿರುತ್ತಾರೆ, ಅದು ಅಂಟಿಕೊಂಡಿರುವುದಿಲ್ಲ. ವರ್ಷಗಳು ಕಳೆದಂತೆ ನಿಧಾನಕ್ಕೆ ಹೊರಬಂದು ಮನೆಯ ದೂಳಿಗೆ ಸೇರುತ್ತದೆ. ನೆಲ ಒರೆಸಿದ ನೀರು, ಬಟ್ಟೆ ಒಗೆದ ನೀರು ಚರಂಡಿಗೆ. ಚರಂಡಿ ರಾಜಕಾಲುವೆಗೆ. ಗುಜರಿಯವರು ಬಯಲಲ್ಲಿ ಒಡೆದ ಮಾನಿಟರ್‌ಗಳ ಚೂರು, ಕಾಪರ್‌ಗಾಗಿ ಸುಟ್ಟ ವೈರಿನ ಬೂದಿ ಮಳೆ ಬಂದ ದಿನ ಅದೇ ದಾರಿ ಹಿಡಿಯುತ್ತವೆ.

ಬೆಂಗಳೂರು ದಿಣ್ಣೆಯ ಮೇಲಿರುವ ಊರು. ನಮ್ಮ ಕೊಳೆ ಎಲ್ಲ ಕಡೆಗೂ ಇಳಿಯುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರಿ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿಗೆ ಹೋಗುತ್ತದೆ. ವೃಷಭಾವತಿಯದು ಬೈರಮಂಗಲ ದಾಟಿ ಅರ್ಕಾವತಿ, ಅಲ್ಲಿಂದ ಕಾವೇರಿ. ಕೆರೆಗಳು ಈ ದಾರಿಯಲ್ಲಿ ನೀರು ನಿಲ್ಲುವ ಜಾಗಗಳು. ನೀರು ನಿಂತಲ್ಲಿ ಕೆಸರು ತಳ ಸೇರುತ್ತದೆ, ಅದರ ಜೊತೆ ಪಿಬಿಡಿಇ ಕೂಡ.

ನೀರು ಟೆಸ್ಟ್ ಮಾಡಿಸಿದರೆ ಗೊತ್ತಾಗಲ್ವಾ?

ಬರೀ ನೀರನ್ನು ನೋಡಿದರೆ ಮೋಸಹೋಗುತ್ತೀರಿ. ಡೆಕಾ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಒಂದು ಲೀಟರಿಗೆ ಒಂದು ಮೈಕ್ರೊಗ್ರಾಮಿನ ಹತ್ತನೇ ಒಂದು ಭಾಗವೂ ಕರಗುವುದಿಲ್ಲ. ಅದಕ್ಕೆ ಎಣ್ಣೆ, ಕೊಬ್ಬು, ಕೊಳೆತ ಎಲೆ, ಜೇಡಿ ಇಷ್ಟ. ಹಾಗಾಗಿ ಹುಡುಕಬೇಕಾದ್ದು ಹೂಳಿನಲ್ಲಿ.

ಬ್ಯಾಕ್ಟೀರಿಯಾ ಇದನ್ನು ನಿಜವಾಗಲೂ ತಿನ್ನುತ್ತವಾ?

ತಿನ್ನುವುದಕ್ಕಿಂತ ಉಸಿರಾಡುತ್ತವೆ ಎಂದರೆ ಹೆಚ್ಚು ಸರಿ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಬೆರಗಿನ ಭಾಗ ಇದೇ.

ನಾವು ಊಟದಿಂದ ಎಲೆಕ್ಟ್ರಾನ್ ತೆಗೆದು ಕೊನೆಗೆ ಆಕ್ಸಿಜನ್‌ಗೆ ಒಪ್ಪಿಸುತ್ತೇವೆ. ಉಸಿರಾಟ ಎಂದರೆ ಇಷ್ಟೇ. ಕೆರೆ ತಳದ ಕಪ್ಪು ಕೆಸರಿನಲ್ಲಿ ಆಕ್ಸಿಜನ್ ಇಲ್ಲ. ಮೇಲಿನ ಕೆಲವು ಮಿಲಿಮೀಟರ್‌ಗಳಲ್ಲೇ ಅದು ಖಾಲಿ. ಕೆಳಗಿರುವ ಜೀವಿಗಳು ಎಲೆಕ್ಟ್ರಾನ್ ಒಪ್ಪಿಸಲು ಬೇರೆ ಏನನ್ನಾದರೂ ಹುಡುಕಬೇಕು. ಕೆಲವಕ್ಕೆ ನೈಟ್ರೇಟ್, ಕೆಲವಕ್ಕೆ ಕಬ್ಬಿಣ, ಕೆಲವಕ್ಕೆ ಸಲ್ಫೇಟ್. ಕೆಲವೇ ಕೆಲವು ಬ್ಯಾಕ್ಟೀರಿಯಾ ಮಾತ್ರ ಕ್ಲೋರಿನ್ ಅಥವಾ ಬ್ರೋಮಿನ್ ಅಂಟಿರುವ ಅಣುವಿಗೆ ಎಲೆಕ್ಟ್ರಾನ್ ಒಪ್ಪಿಸುತ್ತವೆ. ಆಗ ಒಂದು ಬ್ರೋಮಿನ್ ಕಳಚಿ ಬ್ರೋಮೈಡ್ ಆಗಿ ನೀರಿಗೆ ಸೇರುತ್ತದೆ, ಅದಿದ್ದ ಜಾಗಕ್ಕೆ ಹೈಡ್ರೋಜನ್ ಬಂದು ಕೂರುತ್ತದೆ. ಬ್ಯಾಕ್ಟೀರಿಯಾಕ್ಕೆ ಬದುಕಲು ಬೇಕಾದಷ್ಟು ಶಕ್ತಿ ಸಿಗುತ್ತದೆ.

ಇವುಗಳಲ್ಲಿ ಹೆಸರುವಾಸಿಯಾದದ್ದು ಡಿಹ್ಯಾಲೋಕಾಕಾಯ್ಡಿಸ್. 1997ರಲ್ಲಿ ಅಮೆರಿಕದ ಇಥಾಕಾ ಊರಿನ ಕೊಳಚೆ ಕೆಸರಿನಿಂದ ಬಂದ ತಳಿಯನ್ನು ಬೇರ್ಪಡಿಸಿದ ಸುದ್ದಿ ಹೊರಬಿತ್ತು. ಡ್ರೈಕ್ಲೀನಿಂಗ್ ದ್ರಾವಕದ ಕ್ಲೋರಿನ್‌ಗಳನ್ನೆಲ್ಲ ಅದು ಒಂದೊಂದಾಗಿ ತೆಗೆದುಹಾಕಿತ್ತು. ಒಂದು ಮೈಕ್ರೊಮೀಟರಿಗಿಂತ ಚಿಕ್ಕದಾದ ಚಪ್ಪಟೆ ಬಿಲ್ಲೆ ಅದು. ಹೈಡ್ರೋಜನ್ ಬಿಟ್ಟರೆ ಬೇರೆ ಇಂಧನ ಅದಕ್ಕೆ ಆಗುವುದಿಲ್ಲ. ಮೈ ಬೆಳೆಸಿಕೊಳ್ಳಲು ಅಸಿಟೇಟ್ ಬೇಕು. ಬ್ರೋಮಿನ್ ಕಳಚುವ ಎನ್‌ಜೈಮ್‌ನ ನಡುವೆ ವಿಟಮಿನ್ ಬಿ12 ಜಾತಿಯ ಅಣು ಇರಲೇಬೇಕು, ಆದರೆ ಅದನ್ನು ತಾನೇ ತಯಾರಿಸಲು ಇದಕ್ಕೆ ಬರುವುದಿಲ್ಲ. ಇದೆಲ್ಲ ಬರುವುದು ಅಕ್ಕಪಕ್ಕದ ಬ್ಯಾಕ್ಟೀರಿಯಾಗಳಿಂದ. ಎಲೆ, ಕಳೆ, ಮಲವನ್ನು ಹುದುಗಿಸುವವು ಹೈಡ್ರೋಜನ್, ಅಸಿಟೇಟ್ ಬಿಡುತ್ತವೆ. ಇನ್ನು ಕೆಲವು ಬಿ12 ಬಿಡುತ್ತವೆ. ಆದ್ದರಿಂದ ಬಾಟಲಿಯಲ್ಲಿ ತಂದ ಒಂಟಿ ಬ್ಯಾಕ್ಟೀರಿಯಾ ಈ ಕೆಲಸ ಮಾಡೀತು ಎಂದುಕೊಳ್ಳಬೇಡಿ. ಹೂಳಿನ ಇಡೀ ಕೇರಿಯೇ ಸೇರಿ ಮಾಡುವ ಕೆಲಸ ಇದು.

ಮನುಷ್ಯ ಮಾಡಿದ ವಸ್ತುವನ್ನು ಒಡೆಯೋದು ಇವಕ್ಕೆ ಹೇಗೆ ಗೊತ್ತು?

ಬ್ರೋಮಿನ್ ಅಂಟಿದ ಅಣುಗಳು ನಮಗಿಂತ ಹಳೆಯವು. ಸಮುದ್ರದ ಪಾಚಿ, ಸ್ಪಂಜುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಪಿಬಿಡಿಇಯ ಹತ್ತಿರದ ಸಂಬಂಧಿಗಳನ್ನು ತಾವಾಗಿಯೇ ತಯಾರಿಸುತ್ತವೆ. ಹಾಗಾಗಿ ಇಂಥ ಅಣುಗಳನ್ನು ಬಿಡಿಸುವ ಎನ್‌ಜೈಮ್‌ಗಳಿಗೂ ಪ್ರಕೃತಿಯಲ್ಲಿ ಮೊದಲಿಂದಲೂ ಕೆಲಸವಿತ್ತು.

ಎಷ್ಟು ದಿನ ಬೇಕಾಗುತ್ತೆ?

ಇಲ್ಲಿ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಬೇಕು. 2005ರಲ್ಲಿ ಪ್ರಕಟವಾದ ಸ್ವಿಟ್ಜರ್‌ಲೆಂಡಿನ ಪ್ರಯೋಗವೊಂದರಲ್ಲಿ, ಆಕ್ಸಿಜನ್ ಇಲ್ಲದ ಕೊಳಚೆ ಕೆಸರಿಗೆ ಡೆಕಾ ಹಾಕಿ 238 ದಿನ ಬಿಟ್ಟರು. ಬ್ಯಾಕ್ಟೀರಿಯಾಗಳನ್ನು ಚುರುಕುಗೊಳಿಸುವ ಬೇರೆ ವಸ್ತುಗಳನ್ನೂ ಜೊತೆಗೆ ಕೊಟ್ಟಿದ್ದರು. ಅಷ್ಟಾದರೂ ಕಡಿಮೆಯಾದದ್ದು ಶೇ 30. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಸಲ್ಫರೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾ ಎರಡು ತಿಂಗಳಲ್ಲಿ ಡೆಕಾದಿಂದ 7-8 ಬ್ರೋಮಿನ್ ಇರುವ ಅಣುಗಳನ್ನು ಮಾಡಿತು. ಆದರೆ ಅದು ಶುದ್ಧ ಪ್ರಯೋಗಾಲಯದ ಮಾತು. ಹೂಳನ್ನೇ ಬಾಟಲಿಯಲ್ಲಿಟ್ಟು ಮೂರು ವರ್ಷಕ್ಕೂ ಜಾಸ್ತಿ ಗಮನಿಸಿದ ಇನ್ನೊಂದು ಅಧ್ಯಯನದ ಲೆಕ್ಕದಲ್ಲಿ ಡೆಕಾ ಅರ್ಧಕ್ಕಿಳಿಯಲು 6ರಿಂದ 50 ವರ್ಷ ಬೇಕು.

ಕಾರಣವೂ ಸರಳ. ಡೆಕಾ ಹೂಳಿನ ಕಣಕ್ಕೆ ಬಲವಾಗಿ ಅಂಟಿಕೊಂಡಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಎಟುಕಿದರೆ ತಾನೇ ಬಿಡಿಸುವುದು?

ಬ್ರೋಮಿನ್ ಕಳಚಿದರೆ ವಿಷ ಹೋದ ಹಾಗೆ, ಅಲ್ವಾ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಹತ್ತು ಬ್ರೋಮಿನ್ ಇರುವ ಡೆಕಾ ದೊಡ್ಡ ಅಣು, ಜೀವಕೋಶದ ಪೊರೆ ದಾಟುವುದು ಅದಕ್ಕೆ ಕಷ್ಟ. ಮನುಷ್ಯರ ರಕ್ತದಲ್ಲಿ ಅದು ಸುಮಾರು 15 ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಬ್ರೋಮಿನ್ ಒಂದೊಂದೇ ಕಳಚಿ 6, 5, 4ಕ್ಕೆ ಬಂದಾಗ ಕತೆ ಬೇರೆ. ಬಿಡಿಇ-47, ಬಿಡಿಇ-99 ಎಂಬ ಈ ಚಿಕ್ಕ ಅಣುಗಳು ಮೀನಿನ ಕೊಬ್ಬಿಗೆ, ತಾಯಿಯ ಎದೆಹಾಲಿಗೆ ಸುಲಭವಾಗಿ ಸೇರುತ್ತವೆ. ದೇಹದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಥೈರಾಯ್ಡ್ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುತ್ತವೆ. ಮಗುವಿನ ಮಿದುಳು ಬೆಳೆಯುವ ಹೊತ್ತಿನಲ್ಲಿ ಆ ಹಾರ್ಮೋನು ಎಷ್ಟು ಮುಖ್ಯ ಎಂದು ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ.

ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಉಂಗುರದ ಬದಿಯ ಮತ್ತು ತುದಿಯ ಬ್ರೋಮಿನ್‌ಗಳನ್ನು ಮೊದಲು ತೆಗೆಯುತ್ತವೆ. ನಡುವಿನ ಆಕ್ಸಿಜನ್ ಪಕ್ಕದಲ್ಲೇ ಕೂತ ಬ್ರೋಮಿನ್ ತೆಗೆಯುವುದು ಕಷ್ಟ. ಆದ್ದರಿಂದ ಕೆಲಸ ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತದೆ. ಕೊನೆತನಕ ಹೋಗುವ ತಳಿಗಳೂ ಇವೆ. ಸಿಂಗಪುರದಲ್ಲಿ ಅಧ್ಯಯನ ಮಾಡಿದ ಜಿವೈ50 ಎಂಬ ಡಿಹ್ಯಾಲೋಕಾಕಾಯ್ಡಿಸ್ ತಳಿ 4-5 ಬ್ರೋಮಿನ್ ಇರುವ ಪಿಬಿಡಿಇಯನ್ನು ಉಸಿರಾಡಿ ಬ್ರೋಮಿನ್ನೇ ಇಲ್ಲದ ಡೈಫಿನೈಲ್ ಈಥರ್‌ವರೆಗೂ ತರುತ್ತದೆ.

ಅಲ್ಲಿಂದ ಮುಂದೆ ಉಂಗುರವನ್ನೇ ಒಡೆಯಲು ಆಕ್ಸಿಜನ್ ಬಳಸುವ ಬ್ಯಾಕ್ಟೀರಿಯಾ ಬೇಕು. ಸ್ಫಿಂಗೋಮೊನಾಸ್, ರೋಡೋಕಾಕಸ್, ಬರ್ಕ್‌ಹೋಲ್ಡೇರಿಯಾ ಇಂಥವು. ಇವು ಕಡಿಮೆ ಬ್ರೋಮಿನ್ ಇರುವ ಅಣುಗಳನ್ನು ಮಾತ್ರ ಮುಟ್ಟುತ್ತವೆ, ಡೆಕಾದ ತಂಟೆಗೆ ಹೋಗುವುದಿಲ್ಲ. ಅಂದರೆ ಮೊದಲು ಆಕ್ಸಿಜನ್ ಇಲ್ಲದ ಜಾಗ, ಆಮೇಲೆ ಆಕ್ಸಿಜನ್ ಇರುವ ಜಾಗ. ಇದೇ ಕ್ರಮದಲ್ಲಿ ಎರಡೂ ಆಗಬೇಕು.

ಟಿಬಿಬಿಪಿಎ, ಎಚ್‌ಬಿಸಿಡಿ ಕೂಡ ಹೀಗೇನಾ?

ಸ್ವಲ್ಪ ಸುಲಭ. ಟಿಬಿಬಿಪಿಎಯ ನಾಲ್ಕೂ ಬ್ರೋಮಿನ್ ಆಕ್ಸಿಜನ್ ಇಲ್ಲದ ಹೂಳಿನಲ್ಲಿ ಕಳಚಿ ಬಿಸ್ಫಿನಾಲ್-ಎ ಉಳಿಯುತ್ತದೆ. ಮಕ್ಕಳ ಬಾಟಲಿಗಳ ವಿಚಾರದಲ್ಲಿ ನೀವು ಕೇಳಿರುವ ಬಿಪಿಎ ಇದೇ, ಆಕ್ಸಿಜನ್ ಇಲ್ಲದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಇಸ್ರೇಲಿನ ರಾಮತ್ ಹೊವಾವ್ ಕೈಗಾರಿಕಾ ಪ್ರದೇಶದ ಹೂಳಿನಲ್ಲಿ ಸಂಶೋಧಕರು ಇದನ್ನು ತೋರಿಸಿ, ಆಮೇಲೆ ಗಾಳಿ ಕೊಟ್ಟು ಬಿಪಿಎಯನ್ನೂ ಒಡೆಸಿದರು. ಎಚ್‌ಬಿಸಿಡಿಯಲ್ಲಿ ಬ್ರೋಮಿನ್ ಎರಡೆರಡಾಗಿ ಕಳಚುತ್ತದೆ, ಡೆಕಾಗಿಂತ ಬೇಗ.

ಇದೆಲ್ಲ ಪ್ರಯೋಗಾಲಯದಲ್ಲಿ ಹೇಗೆ ಗೊತ್ತಾಗುತ್ತೆ?

ಸಣ್ಣ ಗಾಜಿನ ಸೀಸೆ, ಅದರಲ್ಲಿ ಒಂದಿಷ್ಟು ಹೂಳು ಮತ್ತು ಲವಣದ ನೀರು. ನೈಟ್ರೋಜನ್ ಹಾಯಿಸಿ ಗಾಳಿಯನ್ನೆಲ್ಲ ಓಡಿಸಿ, ದಪ್ಪ ರಬ್ಬರ್ ಬಿರಡೆ ಹಾಕಿ, ಮೇಲೆ ಅಲ್ಯೂಮಿನಿಯಂ ಮುಚ್ಚಳ ಬಿಗಿಯುತ್ತಾರೆ. ನೀರಿಗೆ ರೆಸಾಜುರಿನ್ ಎಂಬ ಬಣ್ಣ ಒಂದು ಚೂರು ಹಾಕಿರುತ್ತಾರೆ. ಮೊದಲು ನೀಲಿ, ಆಕ್ಸಿಜನ್ ಕಡಿಮೆಯಾದಂತೆ ಗುಲಾಬಿ, ಪೂರ್ತಿ ಹೋದಾಗ ಬಣ್ಣವೇ ಇಲ್ಲ. ಎಷ್ಟೋ ತಿಂಗಳ ಮೇಲೆ ಸೀಸೆ ಮತ್ತೆ ಗುಲಾಬಿಯಾದರೆ ಬಿರಡೆ ಸೋರಿದೆ ಎಂದರ್ಥ, ಆ ಸೀಸೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಇದರ ಪಕ್ಕದಲ್ಲಿ ಆಟೋಕ್ಲೇವ್‌ನಲ್ಲಿ ಬೇಯಿಸಿ ಜೀವಿಗಳನ್ನು ಕೊಂದ ಹೂಳಿನ ಸೀಸೆಗಳೂ ಇರಬೇಕು. ಸತ್ತ ಹೂಳಿನಲ್ಲೂ ಡೆಕಾ ಕಡಿಮೆಯಾದರೆ ಅದು ಬ್ಯಾಕ್ಟೀರಿಯಾಗಳ ಕೆಲಸವಲ್ಲ. ಕತ್ತಲೂ ಬೇಕು, ಯಾಕಂದ್ರೆ ಬೆಳಕೇ ಡೆಕಾದ ಬ್ರೋಮಿನ್ ಕಳಚುತ್ತದೆ. ಅಳೆಯುವುದು ಅಣುಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಮತ್ತು ಅವುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ. ಬ್ರೋಮಿನ್‌ಗೆ 79 ಮತ್ತು 81 ಎಂಬ ಎರಡು ಐಸೊಟೋಪ್‌ಗಳು, ಅಂದರೆ ತೂಕ ಬೇರೆಯಾದ ಪರಮಾಣುಗಳು, ಹೆಚ್ಚುಕಡಿಮೆ ಸಮಸಮ ಇರುವುದರಿಂದ ಯಂತ್ರದಲ್ಲಿ ಜೋಡಿ ಗೆರೆ ಕಾಣುತ್ತದೆ, ಗುರುತಿಸುವುದು ಸುಲಭ. ಆದರೆ ಬಿಸಿ ಕೊಳವೆಯಲ್ಲಿ ಡೆಕಾ ತಾನೇ ಒಡೆದುಹೋಗುತ್ತದೆ, ಅದಕ್ಕಾಗಿ ಗಿಡ್ಡ ಕೊಳವೆ ಬಳಸುತ್ತಾರೆ. "ಡೆಕಾ ಕಡಿಮೆಯಾಗಿದೆ" ಎಂಬ ವರದಿ ಯಾರಾದರೂ ತೋರಿಸಿದರೆ ಎರಡು ಪ್ರಶ್ನೆ ಕೇಳಿ. ಕೊಂದ ಹೂಳಿನ ಸೀಸೆ ಇಟ್ಟಿದ್ದರಾ? ಕಡಿಮೆ ಬ್ರೋಮಿನ್ ಇರುವವನ್ನೂ ಅಳೆದರಾ?

ಬೆಳ್ಳಂದೂರಿನಂಥ ಕೆರೆ ಇಂಥ ಬ್ಯಾಕ್ಟೀರಿಯಾಗಳಿಗೆ ಹೊಂದುತ್ತಾ?

ಕೆಲವು ವಿಷಯದಲ್ಲಿ ಚೆನ್ನಾಗಿಯೇ ಹೊಂದುತ್ತದೆ. ನಮ್ಮ ಹವೆ ಬೆಚ್ಚಗಿದೆ, ಯುರೋಪಿನ ಕೆರೆಗಳ ಹಾಗೆ ಚಳಿಗಾಲದಲ್ಲಿ ತಳ ತೀರಾ ತಣ್ಣಗಾಗುವುದಿಲ್ಲ. ದಶಕಗಳ ಕೊಳಚೆ, ಕೊಳೆತ ಜಲಕಳೆ ಸೇರಿ ಹುದುಗುವ ಸರಕು ಬೇಕಾದಷ್ಟಿದೆ. ತಳದಿಂದ ಏಳುವ ಮೀಥೇನ್ ಗುಳ್ಳೆಗಳೇ ಅಲ್ಲಿ ಆಕ್ಸಿಜನ್ ಇಲ್ಲ ಎನ್ನುವುದಕ್ಕೆ ಸಾಕ್ಷಿ.

ಆದರೆ ಅದೇ ಕೊಳಚೆ ಸಲ್ಫೇಟನ್ನೂ ತರುತ್ತದೆ. ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ, ಮೀಥೇನ್ ಮಾಡುವ ಜೀವಿಗಳು ಅದೇ ಹೈಡ್ರೋಜನ್‌ಗಾಗಿ ಪೈಪೋಟಿ ನಡೆಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬರುವ ಹೂಳಿನಲ್ಲಿ ಗೆದ್ದಿರುವುದು ಸಲ್ಫೇಟ್ ಉಸಿರಾಡುವವು ಎಂದು ಮೂಗೇ ಹೇಳುತ್ತದೆ. ಕಾರ್ಖಾನೆಗಳ ಭಾರಲೋಹಗಳೂ ಬ್ಯಾಕ್ಟೀರಿಯಾಗಳಿಗೆ ಕಷ್ಟ ಕೊಡುತ್ತವೆ.

ಇಎಂ ದ್ರಾವಣ, ಹಣ್ಣಿನ ಸಿಪ್ಪೆಯ ಬಯೋ ಎನ್‌ಜೈಮ್ ಕೆರೆಗೆ ಸುರಿದರೆ?

ಸುರಿಯುವವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬ್ರೋಮಿನ್ ವಿಷಕ್ಕೆ ಇವು ಮದ್ದಲ್ಲ. ಇಎಂ ದ್ರಾವಣದಲ್ಲಿ ಮುಖ್ಯವಾಗಿ ಇರುವುದು ಮೊಸರಿನ ಜಾತಿಯ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೆಳಕು ಬಳಸುವ ಕೆಲವು ಬ್ಯಾಕ್ಟೀರಿಯಾ. ಇವು ಪಿಬಿಡಿಇಯನ್ನು ಉಸಿರಾಡುವ ಜಾತಿಯವಲ್ಲ. ಸಿಪ್ಪೆ, ಬೆಲ್ಲದ ದ್ರಾವಣ ನೀರಿಗೆ ಇನ್ನಷ್ಟು ಸಾವಯವ ಹೊರೆ ಸೇರಿಸುತ್ತದೆ. ಆ ಶ್ರಮವನ್ನು ರಾಜಕಾಲುವೆಗೆ ಕೊಳಚೆ ಸೇರುವ ಜಾಗಗಳನ್ನು ಪತ್ತೆಹಚ್ಚಲು ಹಾಕಿದರೆ ಲಾಭ ಜಾಸ್ತಿ.

ಕೆರೆ ಗೋಡು ಹೊಲಕ್ಕೆ ಒಳ್ಳೆಯದು ಅಂತಾರಲ್ಲ. ನಗರದ ಹೂಳನ್ನೂ ಹೊಡೆಸಬಹುದಾ?

ಗೋಡು ಹೊಡೆಯುವುದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಬೇಸಿಗೆಯಲ್ಲಿ ಗಾಡಿಗಟ್ಟಲೆ ಗೋಡು ಹೊಲ ಸೇರುತ್ತಿತ್ತು. ಆದರೆ ಆ ಕೆರೆಗೆ ಬರುತ್ತಿದ್ದದ್ದು ಮಳೆನೀರು. ಬೆಳ್ಳಂದೂರು, ವರ್ತೂರಿನ ಹೂಳು ಬೇರೆ ವಸ್ತು, ಹೆಸರು ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಹೂಳು ಮೇಲೆ ಬಂದು ಒಣಗಿದಾಗ ಆಕ್ಸಿಜನ್ ಒಳನುಗ್ಗುತ್ತದೆ. ಡಿಹ್ಯಾಲೋಕಾಕಾಯ್ಡಿಸ್‌ಗೆ ಅದು ಆಗಿಬರುವುದಿಲ್ಲ, ಬ್ರೋಮಿನ್ ಕಳಚುವ ಕೆಲಸ ನಿಲ್ಲುತ್ತದೆ. ಡೆಕಾ ಹಾಗೇ ಉಳಿದು ದೂಳಾಗಿ ಹಾರುತ್ತದೆ, ಮೇಲ್ಪದರದಲ್ಲಿರುವುದು ಬಿಸಿಲಿಗೆ ಚಿಕ್ಕ ಅಣುಗಳಾಗುತ್ತದೆ. ನಗರದ ಕೆರೆಯ ಹೂಳನ್ನು ಪಿಬಿಡಿಇ ಮತ್ತು ಭಾರಲೋಹ ಎರಡಕ್ಕೂ ಪರೀಕ್ಷೆ ಮಾಡಿಸದೆ ಸೊಪ್ಪು, ತರಕಾರಿ, ಮೇವಿನ ಹೊಲಕ್ಕೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇವನ್ನು ಯಾಕೆ ಸೇರಿಸಿದೆ ಎಂದರೆ, 1973ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪಿಬಿಬಿ ಎಂಬ ಇದೇ ಜಾತಿಯ ಬೆಂಕಿ ನಿರೋಧಕ ತಪ್ಪಾಗಿ ದನದ ಮೇವಿಗೆ ಬೆರೆತು, ಹಾಲು ಮಾಂಸದ ಮೂಲಕ ಲಕ್ಷಾಂತರ ಜನರ ದೇಹ ಸೇರಿತು. ಸಾವಿರಾರು ದನಗಳನ್ನು ಕೊಂದು ಹೂಳಬೇಕಾಯಿತು.

ಸುಟ್ಟುಬಿಟ್ಟರೆ ಮುಗೀತಲ್ವಾ?

ಬಯಲಲ್ಲಿ ಸುಡಬೇಡಿ, ಯಾರಾದರೂ ಸುಡುತ್ತಿದ್ದರೆ ತಡೆಯಿರಿ. ಬ್ರೋಮಿನ್ ಇರುವ ಪ್ಲಾಸ್ಟಿಕ್ ಅರೆಬರೆ ಬೆಂದಾಗ ಬ್ರೋಮಿನ್ ಡಯಾಕ್ಸಿನ್, ಫ್ಯೂರಾನ್‌ಗಳು ಹುಟ್ಟುತ್ತವೆ. ಅವು ಪಿಬಿಡಿಇಗಿಂತ ಎಷ್ಟೋ ಪಟ್ಟು ಅಪಾಯಕಾರಿ.

ಇವನ್ನೆಲ್ಲ ಬ್ಯಾನ್ ಮಾಡಿದ್ದಾರಲ್ಲ?

ಬಹುಪಾಲು ಹೌದು. ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪೆಂಟಾ, ಆಕ್ಟಾ ಎಂಬ ಹೆಸರಲ್ಲಿ ಮಾರುತ್ತಿದ್ದ ಮಿಶ್ರಣಗಳ ಪಿಬಿಡಿಇಗಳು 2009ರಲ್ಲಿ, ಎಚ್‌ಬಿಸಿಡಿ 2013ರಲ್ಲಿ, ಡೆಕಾ 2017ರಲ್ಲಿ ಸೇರಿದವು. ಭಾರತ 2018ರಲ್ಲಿ 7 ರಾಸಾಯನಿಕಗಳನ್ನು ನಿಷೇಧಿಸುವ ನಿಯಮ ತಂದಿತು. ಅದರಲ್ಲಿ ಎಚ್‌ಬಿಸಿಡಿ, 4ರಿಂದ 7 ಬ್ರೋಮಿನ್‌ನ ಪಿಬಿಡಿಇಗಳು ಇದ್ದವು, ಡೆಕಾ ಇರಲಿಲ್ಲ. ಇ-ತ್ಯಾಜ್ಯ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಪಿಬಿಡಿಇ ತೂಕದ ಶೇ 0.1 ಮೀರಬಾರದು.

ಆದರೆ ನಿಷೇಧ ಹೊಸ ವಸ್ತುಗಳಿಗೆ ಅನ್ವಯಿಸುತ್ತದೆ. ಅಟ್ಟದ ಮೇಲಿನ ಹಳೇ ಟಿವಿಗೆ ಅದರ ಪರಿವೆ ಇಲ್ಲ. ಅದನ್ನು ಗಾಡಿಯವರಿಗೆ ಕೊಡದೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಸ್ಥೆಗೆ ಕೊಡಿ. ಒಂದು ಟಿವಿ ಕವಚದಲ್ಲಿರುವ ಡೆಕಾವನ್ನು ಕೆರೆಯ ಬ್ಯಾಕ್ಟೀರಿಯಾ ಬಿಡಿಸಲು ಒಂದು ತಲೆಮಾರು ಸಾಲದಿರಬಹುದು. ನಿಮಗೆ ಒಂದು ಫೋನ್ ಕರೆ ಸಾಕು.

ಕೆರೆ ಮೀನು ತಿನ್ನಬಹುದಾ?

ಕೊಳಚೆ ಸೇರುವ ಕೆರೆಯದು ಬೇಡ. ತಳದ ಹೂಳು ಕೆದಕಿ ತಿನ್ನುವ ಮೀನಿನ ಕೊಬ್ಬಿನಲ್ಲಿ ಚಿಕ್ಕ ಪಿಬಿಡಿಇಗಳು ಶೇಖರವಾಗುತ್ತವೆ. ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ನೆಚ್ಚಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಬಸುರಿಯರು, ಹಾಲೂಡಿಸುವ ತಾಯಂದಿರು, ಪುಟ್ಟ ಮಕ್ಕಳು ಇರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು.

ನಮ್ಮ ಅಪಾರ್ಟ್‌ಮೆಂಟ್ ಎಸ್‌ಟಿಪಿಯ ಕೆಸರನ್ನು ಗೊಬ್ಬರ ಅಂತ ಕೊಡ್ತಾರೆ. ತಗೋಬಹುದಾ?

ಕೇಳಲೇಬೇಕಾದ ಪ್ರಶ್ನೆ. ಅಪಾರ್ಟ್‌ಮೆಂಟ್ ಎಸ್‌ಟಿಪಿಗಳಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ, ಹೆಚ್ಚಿನವು ಗಾಳಿ ಊದುವ ಬಗೆಯವು. ಡೆಕಾದ ಬ್ರೋಮಿನ್ ಕಳಚುವ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಜಾಗವಿಲ್ಲ, ಕೆಸರು ಅಲ್ಲಿರುವುದೂ ಕೆಲವೇ ದಿನ. ನೀರು ತಿಳಿಯಾಗಿ ಹೊರಬರುತ್ತದೆ, ಮನೆಮನೆಯ ದೂಳಿನ ಪಿಬಿಡಿಇ ಕೆಸರಿಗೆ ಅಂಟಿ ಉಳಿಯುತ್ತದೆ. ಆದ್ದರಿಂದ ಆ ಗೊಬ್ಬರವನ್ನು ರಸ್ತೆ ಬದಿಯ ಮರ, ಹೂಗಿಡ, ಅಲಂಕಾರದ ಪೊದೆಗಳಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿ. ತಾರಸಿ ತೋಟದ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಕುಂಡಕ್ಕೆ ಬೇಡ. ಮಕ್ಕಳು ಮಣ್ಣಾಡುವ ಜಾಗಕ್ಕಂತೂ ಖಂಡಿತ ಬೇಡ. ಅಡುಗೆಮನೆ ಕಸದ ಕಾಂಪೋಸ್ಟ್ ಮತ್ತು ಎಸ್‌ಟಿಪಿ ಕೆಸರನ್ನು ಒಂದೇ ಗುಂಡಿಗೆ ಹಾಕುವ ಅಭ್ಯಾಸ ನಿಮ್ಮಲ್ಲಿದ್ದರೆ, ಮುಂದಿನ ಅಸೋಸಿಯೇಷನ್ ಸಭೆಯಲ್ಲಿ ಅದನ್ನು ಬೇರೆ ಮಾಡಿಸಿ.